ಪಡಸಾಲೆಯ ಮೀನಿನ ತೊಟ್ಟಿ: ಎತ್ತರವೋ, ಉದ್ದವೋ?

ಮನೆಯ ಶೋಭೆಯು ಅದರೊಳಗಿನ ವಸ್ತುಗಳ ಬೆಲೆಯಿಂದ ಬರುವುದಲ್ಲ, ಅವುಗಳನ್ನು ಆರಿಸುವಲ್ಲಿ ಗೃಹಸ್ಥರು ತೋರಿದ ವಿವೇಕದಿಂದ ಬರುತ್ತದೆ ಎಂಬುದನ್ನು ಹಿರಿಯರು ಬಲ್ಲರು. ಕುರ್ಚಿಯನ್ನೋ ಕಪಾಟನ್ನೋ ಕೊಳ್ಳುವಾಗ ವಿವೇಕ ತಪ್ಪಿದರೆ ಹಣವಷ್ಟೇ ನಷ್ಟವಾಗುತ್ತದೆ. ಜೀವವುಳ್ಳ ಒಂದನ್ನು ಮನೆಗೆ ತರುವಾಗ ತಪ್ಪಿದರೆ ಅದರ ಫಲವನ್ನು ಉಣ್ಣುವುದು ಬಾಯಿಲ್ಲದ ಆ ಜೀವ. ಆದುದರಿಂದ ಈ ತಿಂಗಳು ನಾವು ಮೇಲ್ನೋಟಕ್ಕೆ ಅತಿ ಚಿಕ್ಕದೆನಿಸುವ, ಆದರೆ ಹಲವು ಮನೆಗಳಲ್ಲಿ ಚರ್ಚೆಗೆ ಬಂದಿರುವ ಒಂದು ಪ್ರಶ್ನೆಯನ್ನು ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ನಮ್ಮ ಸಮಾಜದ ಕೆಲವು ಕುಟುಂಬಗಳು ಶಾಲೆ, ಬ್ಯಾಂಕು, ಸರ್ಕಾರಿ ಕಚೇರಿಗಳ ಉದ್ಯೋಗ ನಿಮಿತ್ತ ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಇವೆರಡರ ಗ್ರಾಮಗಳನ್ನು ಸೇರಿಸಿ ರಚಿತವಾದ ಕಡಬ ತಾಲೂಕುಗಳಲ್ಲಿ ನೆಲೆಸಿವೆ. ಬಯಲುಸೀಮೆಯಿಂದ ಹೋದ ಈ ಸದ್ಭಕ್ತರ ಮಕ್ಕಳಿಗೆ ಅಲ್ಲಿಯ ಹೊಳೆ, ತೋಡು, ಮಳೆಗಳೆಲ್ಲ ಹೊಸತು. ಹೊಳೆಯಲ್ಲಿ ಮೀನು ಕಂಡ ಮಕ್ಕಳು ಮನೆಯಲ್ಲಿಯೂ ಮೀನು ಸಾಕೋಣವೆಂದು ಹಟ ಹಿಡಿಯುವುದು ಸಹಜ. ತಂದೆ ತಾಯಿಗಳು ಅಂಗಡಿಗೆ ಹೋದರೆ ಅಲ್ಲಿ ಎರಡು ಬಗೆಯ ತೊಟ್ಟಿಗಳು ಕಾಣುತ್ತವೆ. ಮೂಲೆಯಲ್ಲಿ ಕಂಬದಂತೆ ನಿಲ್ಲುವ ಎತ್ತರದ ತೊಟ್ಟಿ ಒಂದು. ಗೋಡೆಯುದ್ದಕ್ಕೂ ಚಾಚಿದ, ಆಳ ಕಡಿಮೆಯಿರುವ ತೊಟ್ಟಿ ಇನ್ನೊಂದು. ನಮ್ಮ ಕಡೆಯ ಪಡಸಾಲೆಗೆ, ಅಲ್ಲಿನವರು ಚಾವಡಿಯೆನ್ನುವ ಆ ಸ್ಥಳಕ್ಕೆ, ಇವೆರಡರಲ್ಲಿ ಯಾವುದು ಯೋಗ್ಯವೆಂಬುದೇ ಪ್ರಶ್ನೆ.

ಉದ್ದವಾದ, ಆಳ ಕಡಿಮೆಯಿರುವ ತೊಟ್ಟಿಯೇ ಯೋಗ್ಯವೆಂಬುದು ನಮ್ಮ ಅಭಿಪ್ರಾಯ. ಇದು ರುಚಿಯ ಮಾತಲ್ಲ. ಅದರ ಕಾರಣಗಳನ್ನೂ, ಆ ತೊಟ್ಟಿಯು ಮನೆಯವರಿಂದ ಕೇಳುವ ಬೆಲೆಯನ್ನೂ ಒಂದೊಂದಾಗಿ ನೋಡೋಣ.

ಮೊದಲು ಆ ನಾಡಿನ ನೀರನ್ನೇ ನೋಡಬೇಕು. ಕುಮಾರಪರ್ವತದ ಮಗ್ಗುಲಲ್ಲಿ ಹುಟ್ಟಿದ ಕುಮಾರಧಾರೆಯು ಸುಬ್ರಹ್ಮಣ್ಯವನ್ನು ಹಾದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಕೊಡಗಿನ ಬೆಟ್ಟಗಳಿಂದ ಇಳಿದ ಪಯಸ್ವಿನಿಯು ಸುಳ್ಯದ ಮಗ್ಗುಲಲ್ಲಿ ಹರಿದು ಕಾಸರಗೋಡಿನ ಕಡೆಗೆ ಸಾಗಿ ಚಂದ್ರಗಿರಿಯೆನಿಸುತ್ತದೆ. ಮಳೆಗಾಲ ಕಳೆದು ಮಾಗಿ ಬಂದಾಗ ಈ ಹೊಳೆಗಳ ಅನೇಕ ಭಾಗಗಳಲ್ಲಿ ಮೊಳಕಾಲು ಮುಳುಗುವಷ್ಟೇ ನೀರು. ಅಡಿಯಲ್ಲಿ ನುಣುಪಾದ ಕಲ್ಲು, ಮೇಲೆ ಬಿಸಿಲಿನ ಬಲೆ. ಅಲ್ಲಿನ ಚಿಕ್ಕ ಮೀನುಗಳು ಹಿಂಡುಗಟ್ಟಿಕೊಂಡು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಓಡುತ್ತವೆ. ಮೇಲಕ್ಕೂ ಕೆಳಕ್ಕೂ ಅವುಗಳ ಓಡಾಟ ಸ್ವಲ್ಪ. ಅಡ್ಡಲಾಗಿ ಓಡುವುದೇ ಅವುಗಳ ಬದುಕು. ಕಂಬದಂತಹ ತೊಟ್ಟಿಯಲ್ಲಿ ಇಂತಹ ಮೀನನ್ನಿಟ್ಟರೆ ಎರಡು ಮೊಳ ಓಡುವಷ್ಟರಲ್ಲಿ ಗಾಜು ಮೂಗಿಗೆ ತಾಗುತ್ತದೆ. ತಲೆಯ ಮೇಲಿನ ನೀರು ಅದಕ್ಕೆ ಬೇಡದ ಆಸ್ತಿ.

ಜೀವಿಯನ್ನು ಅದರ ನೆಲೆಯಿಂದ ಅರಿಯಬೇಕೆಂಬ ದೃಷ್ಟಿ ನಮ್ಮ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೀನುಗಳ ವಿಚಾರವಾಗಿಯೇ ಒಂದು ಭಾಗವಿದೆ. ಅದರ ಉದ್ದೇಶವು ಅರಸರ ಗಾಳದ ವಿನೋದವೇ ಆಗಿದ್ದರೂ ಹೊಳೆಯ ಮೀನು, ಕಡಲ ಮೀನು, ಹುರುಪೆಯುಳ್ಳದ್ದು, ಹುರುಪೆಯಿಲ್ಲದ್ದು ಎಂಬ ವಿಂಗಡಣೆಯೂ, ಯಾವುದಕ್ಕೆ ಯಾವ ಆಹಾರವೆಂಬ ವಿವರವೂ ಅಲ್ಲಿವೆ. ಸುಮಾರು ಒಂಬತ್ತು ನೂರು ವರ್ಷಗಳ ಹಿಂದಿನವರಿಗೆ ಹಿಡಿಯುವುದಕ್ಕೆ ಬೇಕೆನಿಸಿದ ಆ ತಿಳಿವಳಿಕೆಯು ಸಾಕುವುದಕ್ಕೆ ಹೊರಟ ನಮಗೆ ಇನ್ನೂ ಹೆಚ್ಚು ಬೇಕಲ್ಲವೇ?

ಎರಡನೆಯ ಕಾರಣವು ಉಸಿರಿಗೆ ಸಂಬಂಧಿಸಿದುದು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, 28 ಡಿಗ್ರಿ ಬೆಚ್ಚಗಿನ ಒಂದು ಲೀಟರ್ ನೀರಿನಲ್ಲಿ ಕರಗಿರುವುದು 8 ಮಿಲಿಗ್ರಾಂಗಿಂತಲೂ ಕಡಿಮೆ. ಈ ಅಲ್ಪದಲ್ಲಿಯೇ ಮೀನು ಬದುಕಬೇಕು. ಖರ್ಚಾದ ಆಮ್ಲಜನಕವು ಮತ್ತೆ ನೀರಿಗೆ ಸೇರುವುದು ಮುಖ್ಯವಾಗಿ ನೀರಿನ ಮೇಲ್ಮೈಯ ಮೂಲಕ. ಆದ್ದರಿಂದ ತೊಟ್ಟಿಯ ಬಾಯಿ ಎಷ್ಟು ಅಗಲವೋ ಮೀನಿನ ಉಸಿರು ಅಷ್ಟು ಸಲೀಸು.

ಒಂದು ಚಿಕ್ಕ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬಹುದು. 120 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ ತೊಟ್ಟಿಯಲ್ಲಿ 30 ಸೆಂಟಿಮೀಟರ್ ಆಳಕ್ಕೆ ನೀರು ತುಂಬಿದರೆ 162 ಲೀಟರ್ ಆಗುತ್ತದೆ. 60 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ ತೊಟ್ಟಿಯಲ್ಲಿ 60 ಸೆಂಟಿಮೀಟರ್ ಆಳಕ್ಕೆ ತುಂಬಿದರೂ ಅಷ್ಟೇ 162 ಲೀಟರ್. ಆದರೆ ಮೊದಲನೆಯದರ ನೀರಿನ ಮೇಲ್ಮೈ 5400 ಚದರ ಸೆಂಟಿಮೀಟರ್, ಎರಡನೆಯದರದು 2700. ನೀರು ಸಮ, ಉಸಿರಾಡುವ ಕಿಟಕಿ ಮಾತ್ರ ಒಂದರಲ್ಲಿ ಇನ್ನೊಂದರ ಇಮ್ಮಡಿ. ಇದಲ್ಲದೆ ನೀರಿನ ಒತ್ತಡವು ಆಳದೊಡನೆ ಏರುವುದರಿಂದ ಎತ್ತರದ ತೊಟ್ಟಿಯ ಬುಡದಲ್ಲಿ ಗಾಜಿನ ಮೇಲೆ ಬೀಳುವ ಒತ್ತಡವೂ ಎರಡು ಪಟ್ಟಾಗಿರುತ್ತದೆ.

ಪುತ್ತೂರು, ಸುಳ್ಯ, ಕಡಬಗಳಲ್ಲಿ ಈ ಲೆಕ್ಕವು ಬರಿಯ ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಮಳೆಗಾಲದಲ್ಲಿ ಗಾಳಿಗೆ ಮರವೋ ಕೊಂಬೆಯೋ ತಂತಿಯ ಮೇಲೆ ಬಿದ್ದರೆ ವಿದ್ಯುತ್ತು ಗಂಟೆಗಟ್ಟಲೆ, ಒಳಹಳ್ಳಿಗಳಲ್ಲಿ ಕೆಲವೊಮ್ಮೆ ದಿನಗಟ್ಟಲೆ ಬರುವುದಿಲ್ಲ. ಗುಳ್ಳೆಯೆಬ್ಬಿಸುವ ಪಂಪು ಆಗ ನಿಂತೇ ಹೋಗುತ್ತದೆ. ಆಳದ ಇಕ್ಕಟ್ಟಾದ ತೊಟ್ಟಿಯಲ್ಲಿ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ತಹತಹಿಸುವ ಹೊತ್ತಿಗೆ, ಮಿತಸಂಖ್ಯೆಯ ಮೀನುಗಳಿರುವ ಅಗಲ ಬಾಯಿಯ ತೊಟ್ಟಿಯಲ್ಲಿ ಅವು ಇನ್ನೂ ಸುಮ್ಮನೆ ಆಡಿಕೊಂಡಿರುತ್ತವೆ. ಬ್ಯಾಟರಿಯಿಂದ ನಡೆಯುವ ಒಂದು ಚಿಕ್ಕ ಗಾಳಿಯ ಪಂಪನ್ನು ಮನೆಯಲ್ಲಿಟ್ಟುಕೊಳ್ಳುವುದು ಆಗಲೂ ಒಳ್ಳೆಯದೇ. ಅದು ಇಲ್ಲದಿದ್ದಲ್ಲಿ ಚೊಂಬಿನಿಂದ ತೊಟ್ಟಿಯ ನೀರನ್ನೇ ಮೊಗೆದು ಗೇಣೆತ್ತರದಿಂದ ಮತ್ತೆ ಹೊಯ್ಯುತ್ತಿದ್ದರೂ ಗಾಳಿ ಸೇರುತ್ತದೆ.

ಇನ್ನು ಇಂತಹ ತೊಟ್ಟಿಯ ತೊಡಕುಗಳನ್ನೂ ಮುಚ್ಚಿಡದೆ ಹೇಳಬೇಕು. ಅದು ಜಾಗ ತಿನ್ನುತ್ತದೆ. ನಾಲ್ಕಡಿ ಗೋಡೆಯನ್ನು ಅದಕ್ಕೆ ಬಿಟ್ಟುಕೊಡಬೇಕು. ಮೇಲ್ಮೈ ದೊಡ್ಡದಾದುದರಿಂದ ನೀರು ಬೇಗ ಆರುತ್ತದೆ, ಬೇಸಿಗೆಯಲ್ಲಿ ಬೇಗ ಬಿಸಿಯೇರುತ್ತದೆ. ನೀರಿನ ಅಂಚು ಹತ್ತಿರವಿರುವುದರಿಂದ ಚುರುಕಿನ ಮೀನುಗಳು ಹೊರಗೆ ನೆಗೆದು ನೆಲದ ಮೇಲೆ ಸಾಯುವ ಸಂಭವವುಂಟು. ಆದ್ದರಿಂದ ಗಾಳಿಯಾಡುವಂತಹ ಬಲೆಯ ಮುಚ್ಚಳ ಇರಲೇಬೇಕು. ನೀರನ್ನು ಅಂಚಿನಿಂದ ನಾಲ್ಕು ಬೆರಳು ಕೆಳಗೇ ನಿಲ್ಲಿಸಬೇಕು. ಇವು ತೊಡಕುಗಳೇ ಹೌದಾದರೂ ಇವೆಲ್ಲವೂ ನಮ್ಮ ಅನುಕೂಲಕ್ಕೆ ಸಂಬಂಧಿಸಿದವು ಅಥವಾ ನಮ್ಮ ಎಚ್ಚರದಿಂದ ನಿವಾರಣೆಯಾಗುವಂಥವು. ಎತ್ತರದ ತೊಟ್ಟಿಯ ಇಕ್ಕಟ್ಟನ್ನು ಯಾವ ಎಚ್ಚರದಿಂದಲೂ ನಿವಾರಿಸಲಾಗದು.

ತೊಟ್ಟಿಯನ್ನು ಇಡುವ ಸ್ಥಳದ ವಿಚಾರಕ್ಕೆ ಬರೋಣ. ಮೇಲೆ ಹೇಳಿದ ಅಳತೆಯ ತೊಟ್ಟಿಗೆ ನೀರೇ 162 ಕಿಲೋ. ಗಾಜು, ಮರಳು, ಕಲ್ಲುಗಳನ್ನು ಸೇರಿಸಿದರೆ ಸುಮಾರು 230 ಕಿಲೋ. ನಾಲ್ಕು ಮಂದಿ ದೊಡ್ಡವರು ಹಗಲಿರುಳು ಒಂದೇ ಕಡೆ ನಿಂತಂತೆ. ಹಳೆಯ ಹಂಚಿನ ಮನೆಯಲ್ಲಿ ಬಾಡಿಗೆಗಿರುವವರು ಮರದ ಹಲಗೆ ಹಾಸಿದ ಮಾಳಿಗೆಯ ಮೇಲೆ ಇದನ್ನು ಇಡಕೂಡದು. ನೆಲಮಟ್ಟದ ಗಟ್ಟಿ ನೆಲವೇ ಇದಕ್ಕೆ ತಕ್ಕುದು. ಅಂಗಡಿಯವರು ಕೊಡುವ ಹಲಗೆಪುಡಿಯ ಕಪಾಟು ಅಲ್ಲಿನ ಮಳೆಗಾಲದ ತೇವಕ್ಕೆ ಊದಿಕೊಳ್ಳುತ್ತದೆ, ಮರದ ಮೇಜಾದರೆ ಗೆದ್ದಲಿನ ಭಯ. ಬಣ್ಣ ಬಳಿದ ಕಬ್ಬಿಣದ ಚೌಕಟ್ಟು ಆಗಬಹುದು. ಸ್ವಂತ ಮನೆಯವರಾದರೆ ಅಲ್ಲಿಯೇ ದೊರೆಯುವ ಮುರಕಲ್ಲಿನಿಂದ ಎರಡಡಿ ಎತ್ತರದ ಕಟ್ಟೆ ಕಟ್ಟಿಸಿ ಮೇಲೊಂದು ಕಲ್ಲುಚಪ್ಪಡಿ ಹಾಸಿಸಿದರೆ ಅದಕ್ಕೆ ಮಿಗಿಲಾದುದು ಇನ್ನೊಂದಿಲ್ಲ. ಉದ್ದದ ತೊಟ್ಟಿಗೆ ಸಮತಟ್ಟು ಬಹು ಮುಖ್ಯ. ನೀರುಮಟ್ಟದ ಕೊಳವೆಯಿಂದ ಎರಡು ತುದಿಗಳನ್ನೂ ಪರೀಕ್ಷಿಸಿ, ಕಟ್ಟೆಯ ಮೇಲೆ ಥರ್ಮೋಕೋಲ್ ಹಾಳೆ ಹಾಸಿ, ಅದರ ಮೇಲೆ ತೊಟ್ಟಿಯನ್ನಿರಿಸಬೇಕು. ಗಾಜು 8 ಮಿಲಿಮೀಟರಿಗಿಂತ ತೆಳುವಾದುದು ಬೇಡ.

ಎರಡಡಿ ಕಟ್ಟೆಯ ಮೇಲಿದ್ದರೆ ನೆಲದ ಮೇಲೆ ಕುಳಿತ ಮಗುವಿಗೂ ಕುರ್ಚಿಯಲ್ಲಿ ಕುಳಿತ ಅಜ್ಜಿಗೂ ಅದು ಕಾಣುತ್ತದೆ. ನಿಂತವರು ಮೇಲಿನಿಂದ ಬಗ್ಗಿ, ಹೊಳೆಯ ದಂಡೆಯಿಂದ ನೋಡುವಂತೆಯೇ ನೋಡಬಹುದು. ಬಿಸಿಲು ನೇರವಾಗಿ ಬೀಳುವ ಕಿಟಕಿಯ ಎದುರಿಗೆ ಇಟ್ಟರೆ ಪಾಚಿ ಕಟ್ಟುವುದು ನಿಶ್ಚಯ. ವಿದ್ಯುತ್ ತಂತಿಗಳು ಸ್ವಿಚ್ಚಿನ ಮಟ್ಟಕ್ಕಿಂತ ಕೆಳಗೆ ಇಳಿದು ಮತ್ತೆ ಮೇಲೇರುವಂತೆ ಬಿಟ್ಟರೆ ತಂತಿಯ ಮೇಲೆ ಜಾರಿದ ನೀರಹನಿ ಸ್ವಿಚ್ಚಿಗೆ ಹೋಗದೆ ಕೆಳಕ್ಕೆ ತೊಟ್ಟಿಕ್ಕುತ್ತದೆ. ತೊಟ್ಟಿಯೊಳಗೆ ಕೈಯಿಡುವ ಮೊದಲು ವಿದ್ಯುತ್ತನ್ನು ಆರಿಸಬೇಕೆಂಬುದನ್ನು ಮಕ್ಕಳಿಗೆ ಮೊದಲ ದಿನವೇ ಕಲಿಸಿರಿ. ಗುಡುಗು ಮಿಂಚಿನ ಹೊತ್ತಿನಲ್ಲಿ ಪಿನ್ನನ್ನೇ ಕಿತ್ತಿಡುವುದು ಲೇಸು.

ನೀರಿನ ವಿಚಾರದಲ್ಲಿ ಆ ಭಾಗದ ಗುಣವನ್ನು ಅರಿತಿರಬೇಕು. ಮುರಕಲ್ಲಿನ ನೆಲದ ಬಾವಿಯ ನೀರು ಸಾಮಾನ್ಯವಾಗಿ ಮೃದು, ಒಂದಿಷ್ಟು ಹುಳಿಯಂಶವುಳ್ಳದ್ದು; ಬಯಲುಸೀಮೆಯ ಗಡಸುನೀರಿನಂತಲ್ಲ. ಹೊಳೆಯ ಜಾತಿಯ ಮೀನುಗಳಿಗೆ ಇದು ಹೊಂದುತ್ತದೆ. ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣದಂಶವಿದ್ದು ಕೆಂಪಾಗುತ್ತಿದ್ದರೆ ಅದನ್ನು ತಿಳಿಯಾಗಿಸಿ ಬಳಸಬೇಕು. ನಲ್ಲಿಯ ನೀರಿಗೂ ಮಳೆಗಾಲದಲ್ಲಿ ಬಾವಿಗೂ ಬ್ಲೀಚಿಂಗ್ ಪುಡಿ ಹಾಕುವುದುಂಟು. ಅಂತಹ ನೀರನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಿಕ ತೊಟ್ಟಿಗೆ ಸೇರಿಸಬೇಕು.

ಬಯಲುಸೀಮೆಯವರಿಗೆ ತಿಳಿದಿರದ ಇನ್ನೊಂದು ಅಪಾಯವಿದೆ. ಅಡಿಕೆಯ ಕೊಳೆರೋಗಕ್ಕೆಂದು ಮಳೆಗಾಲದಲ್ಲಿ ತೋಟಗಳಿಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತಾರೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕಲಸಿದ ದ್ರಾವಣವದು. ಬೆಳೆಗೆ ಅದು ರಕ್ಷೆ. ಆದರೆ ಮೈಲುತುತ್ತದಲ್ಲಿರುವ ತಾಮ್ರವು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನಿಗೆ ವಿಷ. ದ್ರಾವಣ ಕಲಸಿದ ಡ್ರಮ್ಮು, ಬಕೆಟ್ಟುಗಳನ್ನು ತೊಳೆದಾದರೂ ತೊಟ್ಟಿಯ ನೀರಿಗೆ ಬಳಸಬೇಡಿ. ತೋಟದ ಮಗ್ಗುಲ ಮನೆಯವರು ಸಿಂಪಡಣೆಯ ದಿನಗಳಲ್ಲಿ ಮಾಡಿನಿಂದ ಇಳಿದ ಮಳೆನೀರನ್ನು ಹಿಡಿಯಬೇಡಿ, ಆ ಕಡೆಯ ಕಿಟಕಿಯನ್ನು ಮುಚ್ಚಿರಿ. ನೀರಿಗೆ ವಿಷ ಬಿದ್ದರೆ ಏನಾಗುತ್ತದೆಂಬುದನ್ನು ಆ ಸೀಮೆಯವರು ಮರೆತಿಲ್ಲ. ನೆರೆಯ ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ, ಕಪಿಲಾ ಹೊಳೆಯ ದೇವರ ಮೀನುಗಳು 1996ರಲ್ಲಿ ದುಷ್ಟರು ಬೆರೆಸಿದ ವಿಷಕ್ಕೆ ಸಾವಿರಗಟ್ಟಲೆ ಸತ್ತವು. ಜನರು ಅವುಗಳಿಗಾಗಿ ಸ್ಮಾರಕವನ್ನೇ ನಿಲ್ಲಿಸಿದರು.

ತೊಟ್ಟಿ ಸಿದ್ಧವಾಯಿತೆಂದು ಅಂದೇ ಮೀನು ತರಬಾರದು. ಮೀನಿನ ಮಲಮೂತ್ರದಿಂದ ಅಮೋನಿಯವೆಂಬ ವಿಷವು ಹುಟ್ಟುತ್ತದೆ. ಅದನ್ನು ನೈಟ್ರೈಟಾಗಿಯೂ, ಮುಂದೆ ಅಷ್ಟೇನೂ ಕೇಡಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಮರಳಿನಲ್ಲಿ, ಶೋಧಕದ ಸ್ಪಂಜಿನಲ್ಲಿ ನೆಲೆಸಬೇಕು. ಇದಕ್ಕೆ ನಾಲ್ಕರಿಂದ ಆರು ವಾರಗಳು ಬೇಕು. ಆ ಅವಧಿಯಲ್ಲಿ ನೀರು, ಮರಳು, ಗಿಡಗಳನ್ನಷ್ಟೇ ಇಟ್ಟು, ಚಿಟಿಕೆಯಷ್ಟು ಮೀನಿನ ಆಹಾರವನ್ನು ಆಗಾಗ ಹಾಕುತ್ತ, ಶೋಧಕವನ್ನು ನಡೆಸುತ್ತಿರಬೇಕು. ಬಳಿಕ ಐದಾರು ಮೀನುಗಳನ್ನು ತಂದು, ಎಲ್ಲವೂ ನೆಟ್ಟಗಿದೆಯೆಂದು ಕಂಡಮೇಲೆ ನಿಧಾನವಾಗಿ ಹೆಚ್ಚಿಸಬಹುದು. ಕಾಯುವುದನ್ನು ಕಲಿಸುವುದಕ್ಕೆ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಯಾವ ಮೀನು? ಉದ್ದದ ತೊಟ್ಟಿಗೆ ಓಡಾಡುವ ಚಿಕ್ಕ ಮೀನುಗಳು ಒಪ್ಪುತ್ತವೆ. ಮೈಮೇಲೆ ನೀಲಿಗೆರೆಗಳಿರುವ ಜೀಬ್ರಾ ಡೇನಿಯೋ ನಮ್ಮ ಉಪಖಂಡದ್ದೇ ಮೀನು. ಹತ್ತು ಹನ್ನೆರಡರ ಹಿಂಡಾಗಿ ಅದು ತುದಿಯಿಂದ ತುದಿಗೆ ಓಡುವುದನ್ನು ನೋಡಿದವರಿಗೆ ತೊಟ್ಟಿಯ ಉದ್ದವೇಕೆಂದು ಹೇಳಿಕೊಡಬೇಕಾಗಿಲ್ಲ. ಮೇಲಿನ ಗಾಳಿಯನ್ನೇ ನೇರವಾಗಿ ಸೇವಿಸಬಲ್ಲ ಗೌರಾಮಿಗಳಿಗೂ ಆಳ ಬೇಕಿಲ್ಲ. ನಿಲುವಿನಲ್ಲಿ ಎತ್ತರವಾಗಿ ಬೆಳೆಯುವ ಏಂಜೆಲ್, ಡಿಸ್ಕಸ್ ಮೀನುಗಳಿಗೆ ಈ ತೊಟ್ಟಿ ಸಲ್ಲದು. ಚಿನ್ನದ ಮೀನು ಬಹಳ ದೊಡ್ಡದಾಗುತ್ತದೆ, ಬಹಳ ಹೊಲಸು ಮಾಡುತ್ತದೆ. ಅದನ್ನೂ ಬಿಡುವುದು ಲೇಸು. ಏನೇ ಕೊಂಡರೂ ಸಾಕಣೆಯಲ್ಲಿ ಹುಟ್ಟಿದ ಮೀನೇ ಆಗಿರಲಿ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜು ನಡೆದುಬಂದಿದೆ. ಸಂದೇಹವಿದ್ದವರು ಅಂತಹ ಕಡೆಯ ತಿಳಿದವರನ್ನು ಕೇಳಬಹುದು.

ಹೊಳೆಯ ಮೀನನ್ನು ಹಿಡಿದು ತೊಟ್ಟಿಗೆ ಹಾಕುವ ಆಸೆಯನ್ನು ಮಕ್ಕಳಲ್ಲಿ ಮೊಳಕೆಯಲ್ಲಿಯೇ ತಿದ್ದಿರಿ. 1865ರಲ್ಲಿ ಫ್ರಾನ್ಸಿಸ್ ಡೇ ಎಂಬ ವಿದ್ವಾಂಸರು ಮೊದಲು ವರ್ಣಿಸಿದ, ಇಂದು ವ್ಯಾಪಾರಿಗಳು ‘ಮಿಸ್ ಕೇರಳ’ ಎನ್ನುವ ಕೆಂಪುಗೆರೆಯ ಮೀನೊಂದಿದೆ. ಪಶ್ಚಿಮಘಟ್ಟದ ಚಂದ್ರಗಿರಿಯಂತಹ ಹೊಳೆಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಅದರ ಸಹಜ ನೆಲೆಯಿಲ್ಲ. ಅದರ ಅಂದವೇ ಅದಕ್ಕೆ ಮುಳುವಾಯಿತು. 2005ರಿಂದ 2012ರವರೆಗೆ ಭಾರತದಿಂದ ವಿದೇಶಗಳ ತೊಟ್ಟಿಗಳಿಗೆ ರವಾನೆಯಾದ ಅಪಾಯದಂಚಿನ ಸಿಹಿನೀರಿನ ಮೀನುಗಳು 15 ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ಈ ಮೀನು ಮತ್ತು ಇದರ ಹತ್ತಿರದ ಬಂಧು ಸೇರಿ 3 ಲಕ್ಷಕ್ಕೂ ಹೆಚ್ಚೆಂದು 2013ರಲ್ಲಿ ಪ್ರಕಟವಾದ ಸಂಶೋಧನೆಯು ತಿಳಿಸಿತು. ಈಗ ಅದು ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಹೊಳೆಯಿಂದ ಹಿಡಿಯಬಾರದೆಂಬ ಈ ಮಾತಿಗೆ ಇನ್ನೊಂದು ಮುಖವೂ ಇದೆ: ಸಾಕಿ ಬೇಸತ್ತ ಮೀನನ್ನು ಪುಣ್ಯವೆಂದು ತಿಳಿದು ಹೊಳೆಗೋ ಕೆರೆಗೋ ಬಿಡಬಾರದು. ಗಾಜಿನ ಪಾಚಿ ತಿನ್ನಲೆಂದು ಮಾರುವ ಸಕ್ಕರ್ ಮೀನು ಹೀಗೆಯೇ ಹೊರಬಿದ್ದು ದಕ್ಷಿಣ ಭಾರತದ ಹಲವು ಜಲಾಶಯಗಳಲ್ಲಿ ಸ್ಥಳೀಯ ಮೀನುಗಳಿಗೆ ಕಂಟಕವಾಗಿದೆ.

ನಮ್ಮ ಮನೆಗಳಿಗೆ ವಿಶೇಷವಾದ ಒಂದು ವಿಚಾರವನ್ನು ಹೇಳದಿದ್ದರೆ ಈ ಲೇಖನ ಅಪೂರ್ಣವಾದೀತು. ಅಂಗಡಿಯಲ್ಲಿ ಸಿಗುವ ಮೀನಿನ ಆಹಾರದಲ್ಲಿ ಬಹುಪಾಲು ಒಣಮೀನಿನ ಹಿಟ್ಟು ಸೇರಿರುತ್ತದೆ. ಶಾಕಾಹಾರದ ನಿಷ್ಠೆಯುಳ್ಳ ಮನೆಯ ಹಿರಿಯರಿಗೆ ಇದನ್ನು ಮೊದಲೇ ತಿಳಿಸಿ ಅವರ ಒಪ್ಪಿಗೆ ಪಡೆಯಬೇಕು. ಡಬ್ಬಿಯ ಮೇಲಿನ ಬರಹವನ್ನು ಮುಚ್ಚಿ ತರುವುದು ತರವಲ್ಲ. ಅನ್ನ, ಮಂಡಕ್ಕಿಗಳನ್ನು ಹಾಕಿ ಶಾಕಾಹಾರದಲ್ಲಿಯೇ ಸಾಕುತ್ತೇವೆಂದರೆ ನೀರು ಕೊಳೆತು ಮೀನು ಸಾಯುತ್ತದೆ. ಪ್ರಾಣಿಯ ಆಹಾರವು ಅದರ ಹುಟ್ಟುಗುಣಕ್ಕೆ ಸೇರಿದುದು, ಅದರ ಮೇಲೆ ನಮ್ಮ ಆಚಾರವನ್ನು ಹೇರಲಾಗದು. ಒಪ್ಪಿದವರು ಆ ಡಬ್ಬಿಯನ್ನು ಅಡುಗೆಮನೆಯಿಂದ ಹೊರಗೆ, ತೊಟ್ಟಿಯ ಬಳಿಯಲ್ಲಿಯೇ ಬೇರೆ ಚಮಚದೊಡನೆ ಇಟ್ಟುಕೊಳ್ಳಲಿ. ಒಪ್ಪದ ಮನೆಯವರು ಮೀನನ್ನು ತರದಿರುವುದೇ ಸರಿ. ಅದರಲ್ಲಿ ಕುಂದೇನೂ ಇಲ್ಲ.

ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ವಾರಕ್ಕೊಮ್ಮೆ ಕಾಲುಭಾಗ ನೀರಿನ ಬದಲಾವಣೆ, ಎಂದರೆ ಮೂರು ಕೊಡದಷ್ಟು. ಆ ಹಳೆಯ ನೀರು ಸಾರವುಳ್ಳದ್ದು. ಅಂಗಳದ ಪತ್ರೆಯ ಗಿಡಕ್ಕೆ, ಮಲ್ಲಿಗೆಗೆ ಹೊಯ್ದರೆ ಗೊಬ್ಬರವೇ ಆಗುತ್ತದೆ. ಇದನ್ನು ಮನೆಯ ಮಕ್ಕಳು ತಮ್ಮ ಕಾಯಕವೆಂದು ವಹಿಸಿಕೊಳ್ಳುವಂತಾದರೆ ತೊಟ್ಟಿ ಬಂದುದು ಸಾರ್ಥಕ. ಮೊದಲ ತಿಂಗಳ ಉತ್ಸಾಹ ಇಳಿದ ಮೇಲೂ ಆ ಕೆಲಸ ನಡೆಯುವುದೇ ಎಂಬುದನ್ನು ತಂದೆ ತಾಯಿಗಳು ಕೊಳ್ಳುವ ಮುನ್ನವೇ ತೂಗಿ ನೋಡಬೇಕು.

ವರ್ಗಾವಣೆಯ ನೌಕರಿಯವರು ಇನ್ನೂ ಒಂದನ್ನು ಯೋಚಿಸಬೇಕು. ನಾಲ್ಕಡಿಯ ಗಾಜಿನ ತೊಟ್ಟಿಯನ್ನು ಘಟ್ಟದ ದಾರಿಯಲ್ಲಿ ಲಾರಿಯ ಮೇಲೆ ಸಾಗಿಸುವುದು ಕಷ್ಟಸಾಧ್ಯ. ಮೀನುಗಳನ್ನು ಸಾಗಿಸುವುದು ಇನ್ನೂ ಕಷ್ಟ. ಆದೇಶ ಬಂದಾಗ ಯಾರ ಕೈಗೆ ಒಪ್ಪಿಸುವಿರೆಂಬುದು ಇಂದೇ ಗೊತ್ತಿರಲಿ. ಬೇಸಿಗೆಯ ರಜೆಗೆ ಊರಿಗೆ ಬರುವವರು ನೆರೆಮನೆಯವರಿಗೆ ಒಂದೊಂದು ದಿನದ ಆಹಾರವನ್ನು ಒಂದೊಂದು ಪೊಟ್ಟಣ ಮಾಡಿ ಕೊಟ್ಟು ಬರಲಿ. ಪ್ರೀತಿಯಿಂದ ಹೆಚ್ಚು ಹಾಕಿ ಕೊಂದವರೇ ಜಾಸ್ತಿ.

ಇಷ್ಟೆಲ್ಲ ತೂಗಿದ ಮೇಲೆ ನಮ್ಮಿಂದಾಗದೆಂದು ತೋರಿದರೆ ಮಕ್ಕಳ ಆಸೆಯನ್ನು ತಣಿಸಲು ಆ ಸೀಮೆಯಲ್ಲಿಯೇ ಬೇರೆ ದಾರಿಯಿದೆ. ಸುಳ್ಯ ತಾಲೂಕಿನ ತೊಡಿಕಾನದ ಮಲ್ಲಿಕಾರ್ಜುನ ದೇವಾಲಯದ ಬಳಿಯ ಹೊಳೆಯಲ್ಲಿ, ಅಲ್ಲಿನವರು ಪೆರುವೋಲು ಎನ್ನುವ ಮಹಶೀರ್ ಜಾತಿಯ ದೊಡ್ಡ ಮೀನುಗಳು ಯಾರ ಭಯವೂ ಇಲ್ಲದೆ ಕಾಲಿನ ಹತ್ತಿರವೇ ಸುಳಿಯುತ್ತವೆ. ಅವನ್ನು ಯಾರೂ ಹಿಡಿಯುವುದಿಲ್ಲ. ಒಂದು ರವಿವಾರ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ದಂಡೆಯ ಮೇಲೆ ಅರ್ಧ ತಾಸು ಸುಮ್ಮನೆ ಕುಳ್ಳಿರಿಸಿರಿ. ತೊಟ್ಟಿ ಕೊಳ್ಳಲೇಬೇಕೆಂದು ನಿಶ್ಚಯಿಸಿದವರು ಕೂಡ ಅಂಗಡಿಗೆ ಹೋಗುವ ಮುನ್ನ ಅಲ್ಲಿಗೆ ಹೋಗಿ, ಮೀನು ಯಾವ ಕಡೆಗೆ ಓಡುತ್ತದೆ, ಎಷ್ಟು ದೂರ ಓಡುತ್ತದೆ ಎಂಬುದನ್ನು ನೋಡಿ ಬರಲಿ. ಬಂದ ಬಳಿಕ ಪಡಸಾಲೆಯ ಗೋಡೆಯನ್ನು ಅಳೆಯಲಿ.